ತೋಟದ ಕೆಲಸದ ನಡುವೆ ಪಿಎಸ್‌ಸಿ ಓದು: ಸಾಧಕರಂತೆ ನಾಲ್ಕಕ್ಕೆ ಏಳಲೇಬೇಕೇ?

ಬದಿಯಡ್ಕ ಕಡೆ ಅಡಿಕೆ ತೋಟ ನೋಡಿಕೊಂಡು ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆಗೆ ಓದುತ್ತಿದ್ದೀರಿ, ಬೆಳಗ್ಗೆ ನಾಲ್ಕಕ್ಕೆ ಏಳುವ ಹಟ ಒಂದು ವಾರವೂ ನಿಲ್ಲಲಿಲ್ಲ, ಸಾಧಕರಿಗೆ ಹೇಗೆ ಸಾಧ್ಯವಾಗುತ್ತದೆ ಎಂದು ಕೇಳಿದ್ದೀರಿ.

ಏಳುವ ಗಂಟೆಯ ಗೊಡವೆ ಬಿಡಿ. ವಿಜ್ಞಾನಿ ಡಾರ್ವಿನ್ ಬೆಳಗ್ಗೆ 8ರಿಂದ 9.30, ಮತ್ತೆ 10.30ರಿಂದ 12, ಇಷ್ಟರಲ್ಲೇ ದಿನದ ಮುಖ್ಯ ಕೆಲಸ ಮುಗಿಸುತ್ತಿದ್ದ. ಗಡಿಯಾಚೆ ಕರ್ನಾಟಕದಲ್ಲಿ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ನೀರಿಗಾಗಿ ಗುಡ್ಡಕ್ಕೆ ಸುರಂಗ ಕೊರೆದವರು. ಐದರಲ್ಲಿ ನೀರಿಲ್ಲ, ಆರನೆಯದರಲ್ಲಿ ಸಿಕ್ಕಿತು. ಹೊತ್ತು ಬೇರೆ ಬೇರೆ. ಆದರೆ ಇಬ್ಬರೂ ಆ ಹೊತ್ತಿಗೆ ಇನ್ನೊಂದು ಕೆಲಸವನ್ನು ನುಗ್ಗಲು ಬಿಡಲಿಲ್ಲ. (ಐದರ ನಂತರ ಕೈಬಿಟ್ಟವರ ಕಥೆ ಯಾರೂ ಬರೆಯುವುದಿಲ್ಲ, ಅದೂ ನೆನಪಿರಲಿ.)

ನಿಮಗೆ ದಿನಕ್ಕೆ 90 ನಿಮಿಷ ಸಾಕು. ಮೊದಲ 30 ನಿಮಿಷ ಹಳೆಯ ಪ್ರಶ್ನೆ, ಪುಸ್ತಕ ಮುಚ್ಚಿಟ್ಟು. ಉಳಿದದ್ದು ಹೊಸ ಪಾಠ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ, ಹಳೆಯದಕ್ಕೆ ಹೊತ್ತೇ ಉಳಿಯುವುದಿಲ್ಲ. ತಪ್ಪಿದ ಪ್ರಶ್ನೆಗೊಂದು ನೋಟ್‌ಬುಕ್ ಇಡಿ. ಪಕ್ಕದಲ್ಲಿ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಮರೆತಿತ್ತು, ಅವಸರ. ಮರುದಿನ, 7ನೇ ದಿನ, 30ನೇ ದಿನ ಅದನ್ನೇ ಮತ್ತೆ ಬಿಡಿಸಿ. ಸ್ಪ್ರಿಂಕ್ಲರ್ ತಿರುಗಿಸುತ್ತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಪಾಠ ಕೇಳುವುದನ್ನು ಓದಿನ ಲೆಕ್ಕಕ್ಕೆ ಸೇರಿಸಬೇಡಿ. ಕೇಳುವಾಗ ಎಲ್ಲವೂ ಗೊತ್ತಿದ್ದಂತೆಯೇ ಅನಿಸುತ್ತದೆ, ಪರೀಕ್ಷೆಯಲ್ಲಿ ಮಾತ್ರ ನೆನಪಿಗೆ ಬರುವುದಿಲ್ಲ.

ಊಹೆಯ ವಿಷಯದಲ್ಲೂ ಲೆಕ್ಕ ಬೇಕು. ಒಂದು ತಪ್ಪಿಗೆ 1/3 ಅಂಕ ಕಡಿತ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದರೆ ಮಾತ್ರ ಊಹೆ ಲಾಭದ ಕಡೆ ವಾಲುತ್ತದೆ.

ಮಳೆಗಾಲಕ್ಕೆ ಮೊದಲು ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಮದ್ದು ಬಿಡುವ ವಾರ, 40–45 ದಿನ ಬಿಟ್ಟು ಎರಡನೇ ಸಲ ಬಿಡುವ ವಾರ, ಎರಡನ್ನೂ ಕ್ಯಾಲೆಂಡರಿನಲ್ಲಿ ಈಗಲೇ ಗುರುತಿಸಿ. ಆ ದಿನಗಳಿಗೆ ಹೊಸ ಪಾಠ ಬೇಡ, 10 ಹಳೆಯ ಪ್ರಶ್ನೆ ಸಾಕು. ಅಷ್ಟನ್ನೂ ಬಿಟ್ಟರೆ ಮತ್ತೆ ಶುರು ಮಾಡುವುದೇ ದೊಡ್ಡ ಕೆಲಸ.

ಇನ್ನೊಂದು, ಪರೀಕ್ಷೆಗೆ ಬರುವುದಾಗಿ ನಿಮ್ಮ ಪಿಎಸ್‌ಸಿ ಆನ್‌ಲೈನ್ ಪ್ರೊಫೈಲಿನಲ್ಲಿ ಕನ್ಫರ್ಮೇಶನ್ ಕೊಡುವ ಕೊನೆಯ ದಿನಾಂಕವನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದು ತಪ್ಪಿದರೆ ಅರ್ಜಿಯೇ ತಿರಸ್ಕೃತವಾಗುತ್ತದೆ.