ಸಾಕ್ಷ್ಯಚಿತ್ರದಿಂದ ನಿರ್ದೇಶಕರಿಗೆ ಹೆಸರು ಬರುತ್ತದೆ, ಅದರಲ್ಲಿ ಕಾಣಿಸಿಕೊಂಡ ಜನರಿಗೆ ಏನು ಸಿಗುತ್ತದೆ?

ಬೇರೆಯವರ ಕಷ್ಟ ನೋಡಿ ಕಣ್ಣೀರು ಹಾಕಿ ಎದ್ದು ಹೋಗುವುದು ಸರಿಯೆನಿಸುತ್ತಿಲ್ಲ, ಇಂಥ ಚಿತ್ರಗಳನ್ನು ನೋಡುವುದೇ ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ಬಿಡಬೇಡಿ. ಆದರೆ ಚಿತ್ರ ಮುಗಿದ ಮೇಲೆ ಒಂದು ವಿಷಯ ಹುಡುಕಿ ನೋಡಿ: ಅದರಲ್ಲಿರುವ ಜನ ಆ ಚಿತ್ರವನ್ನು ನೋಡಿದರಾ? ನೋಡಿ ಏನಂದರು? ನಾನು ಬಹಳ ವರ್ಷಗಳಿಂದ ಸಾಕ್ಷ್ಯಚಿತ್ರಗಳನ್ನು ನೋಡುತ್ತಾ ಬಂದಿದ್ದೇನೆ. ಎಷ್ಟು ಪ್ರಶಸ್ತಿ ಬಂತು ಅನ್ನುವುದಕ್ಕಿಂತ ಇದು ನನಗೆ ಜಾಸ್ತಿ ಮುಖ್ಯ.

ನಿಮ್ಮ ಪ್ರಶ್ನೆಯನ್ನು ತೆರೆಯ ಮೇಲೇ ಕೇಳಿದವರಿದ್ದಾರೆ. ಆನಂದ್ ಪಟವರ್ಧನ್ 1985ರಲ್ಲಿ ಮಾಡಿದ 'ಹಮಾರಾ ಶಹರ್' ಮುಂಬೈಯಲ್ಲಿ ಗುಡಿಸಲು ಕಳೆದುಕೊಂಡವರ ಚಿತ್ರ. ಅದರಲ್ಲಿ ಒಬ್ಬ ಹೆಂಗಸು ಚಿತ್ರತಂಡದ ಮೇಲೆಯೇ ರೇಗುತ್ತಾಳೆ. ಬಡವರ ಫೋಟೋ ತೆಗೆದು ಹೆಸರು ಮಾಡಿಕೊಳ್ಳುತ್ತೀರಿ, ಅದು ಬಿಟ್ಟು ನೀವು ಮಾಡುವುದಾದರೂ ಏನು ಅನ್ನುವುದು ಅವಳ ಸಿಟ್ಟು. ಎಡಿಟಿಂಗ್‌ನಲ್ಲಿ ಆ ಭಾಗ ತೆಗೆದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಟವರ್ಧನ್ ಉಳಿಸಿಕೊಂಡರು. ಅವಳಿಗೆ ಉತ್ತರ ಕೊಡಲಿಲ್ಲ, ಆದರೆ ಅವಳ ಬಾಯಿ ಮುಚ್ಚಿಸಲೂ ಇಲ್ಲ. ಆ ಚಿತ್ರದ ಮೇಲೆ ನನಗೆ ನಂಬಿಕೆ ಬಂದಿದ್ದೇ ಅಲ್ಲಿಂದ.

ಈ ಪ್ರಶ್ನೆಗೆ ಕೆಲಸದ ಮೂಲಕವೇ ಉತ್ತರ ಕೊಟ್ಟವರು ಕೆನಡಾದಲ್ಲಿದ್ದರು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ನ್ಯೂಫೌಂಡ್‌ಲ್ಯಾಂಡ್ ತೀರದಾಚೆ ಫೋಗೊ ಅಂತ ಒಂದು ದ್ವೀಪ. ಅಲ್ಲಿನವರ ಕಸುಬು ಮೀನುಗಾರಿಕೆ. 1960ರ ದಶಕದಲ್ಲಿ ಆ ಕಸುಬು ಬಿದ್ದುಹೋಗುತ್ತಿತ್ತು. ಬಹಳ ಮನೆಗಳು ಸರ್ಕಾರ ಕೊಡುವ ನೆರವಿನ ಮೇಲೆ ನಡೆಯುತ್ತಿದ್ದವು. ಇವರನ್ನೆಲ್ಲ ಬೇರೆ ಕಡೆಗೆ ಎಬ್ಬಿಸುವ ಮಾತೂ ಇತ್ತು. ದ್ವೀಪದ ಊರುಗಳ ನಡುವೆ ಒಗ್ಗಟ್ಟಿರಲಿಲ್ಲ.

1967ರಲ್ಲಿ ಕೆನಡಾ ಸರ್ಕಾರದ ಚಿತ್ರಸಂಸ್ಥೆಯಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ನಿರ್ದೇಶಕ ಕಾಲಿನ್ ಲೋ ಅಲ್ಲಿಗೆ ಹೋದರು. ಎಲ್ಲ ಸೇರಿಸಿ ಒಂದು ದೊಡ್ಡ ಚಿತ್ರ ಮಾಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಚಿಕ್ಕ ಚಿತ್ರ ಮಾಡಿದರು. ಒಂದರಲ್ಲಿ ಒಬ್ಬ ಮೀನುಗಾರನ ಮಾತು, ಇನ್ನೊಂದರಲ್ಲಿ ಊರಿನ ಸಭೆ, ಹೀಗೆ. ತೆಗೆದದ್ದನ್ನು ಮೊದಲು ಮಾತಾಡಿದವರಿಗೇ ತೋರಿಸಿದರು. ಬೇಡ ಅಂದರೆ ತೆಗೆಯಿಸುವ ಹಕ್ಕು ಅವರಿಗಿತ್ತು. ಅವರು ಒಪ್ಪಿದ ಮೇಲೇ ಪಕ್ಕದ ಊರಿನಲ್ಲಿ ಪ್ರದರ್ಶನ. ಎದುರಾಎದುರು ಕೂತು ಮಾತಾಡದವರು ಒಬ್ಬರ ಮಾತನ್ನು ಇನ್ನೊಬ್ಬರು ತೆರೆಯ ಮೇಲೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚಿತ್ರಗಳು ಸರ್ಕಾರಕ್ಕೆ ಹೋದವು. ಮೀನುಗಾರಿಕೆ ಮಂತ್ರಿ ಕೊಟ್ಟ ಉತ್ತರವನ್ನೂ ಚಿತ್ರೀಕರಿಸಿ, ದ್ವೀಪಕ್ಕೆ ತಂದು ತೋರಿಸಿದರು. ಕ್ಯಾಮೆರಾ ಎರಡೂ ಕಡೆ ಓಡಾಡಿತು.

ಜನ ದ್ವೀಪ ಬಿಡಲಿಲ್ಲ. ಸಹಕಾರ ಸಂಘ ಕಟ್ಟಿದರು, ದೋಣಿಗಳನ್ನು ತಾವೇ ಕಟ್ಟಲು ಶುರುಮಾಡಿದರು. ಇದೆಲ್ಲ ಸಿನಿಮಾದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಊರು ಉಳಿಸಿಕೊಳ್ಳಲು ಅವರು ಕ್ಯಾಮೆರಾ ಬರುವ ಮೊದಲೇ ಸಮಿತಿ ಮಾಡಿಕೊಂಡಿದ್ದರು. ಆದರೆ ಚಿತ್ರ ಅವರ ಕೆಲಸಕ್ಕೆ ಒದಗಿತು.

ಎಲ್ಲರಿಗೂ ಹೀಗೆ ಮಾಡಲು ಆಗುವುದಿಲ್ಲ ನಿಜ. ಕೊಲೆಗಾರರ ಬಗ್ಗೆ ಚಿತ್ರ ತೆಗೆಯುವವರು ಅವರ ಒಪ್ಪಿಗೆ ಪಡೆದು ಎಡಿಟ್ ಮಾಡಿ ಅನ್ನುವುದು ಸರಿಯಲ್ಲ, ಅಲ್ವಾ? ಇಂಡೋನೇಷ್ಯಾದ 1965-66ರ ಹತ್ಯೆಗಳ ಬಗ್ಗೆ ಜೋಶುವಾ ಓಪನ್‌ಹೈಮರ್ ಮಾಡಿದ 'ದಿ ಆಕ್ಟ್ ಆಫ್ ಕಿಲ್ಲಿಂಗ್' ಕೊನೆಯಲ್ಲಿ ಹೆಸರುಗಳು ಬರುವಾಗ ಗಮನಿಸಿ. ಅನಾಮಿಕ, ಅನಾಮಿಕ, ಅನಾಮಿಕ ಅಂತ ಸಾಲುಸಾಲು ಬರುತ್ತದೆ. ಅಲ್ಲಿನವರೇ ಆದ ತಂಡದ ಸದಸ್ಯರ ಜೀವಕ್ಕೆ ಅಪಾಯ ಇದ್ದುದರಿಂದ ಹೆಸರು ಹಾಕಲಿಲ್ಲ. ಕೆಲವು ಕಡೆ ಹೆಸರು ಮುಚ್ಚಿಡುವುದೇ ಅವರಿಗೆ ಮಾಡುವ ಉಪಕಾರ.

ದುಡ್ಡಿನ ವಿಷಯ. ಚಿತ್ರದಲ್ಲಿರುವವರಿಗೆ ಹಣ ಕೊಡಬಾರದು, ಕೊಟ್ಟರೆ ಸತ್ಯ ಕೆಡುತ್ತದೆ ಅಂತ ಒಂದು ಹಳೆಯ ವಾದ ಇದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. 1994ರ 'ಹೂಪ್ ಡ್ರೀಮ್ಸ್' ಚಿಕಾಗೋದ ಇಬ್ಬರು ಕಪ್ಪು ಹುಡುಗರ ಬ್ಯಾಸ್ಕೆಟ್‌ಬಾಲ್ ಕನಸಿನ ಕಥೆ. ಅರ್ಧ ಗಂಟೆಯ ಚಿತ್ರ ಅಂತ ಶುರುವಾದದ್ದು ಸುಮಾರು ಐದು ವರ್ಷದ ಚಿತ್ರೀಕರಣ ಆಯಿತು. ಮಧ್ಯದಲ್ಲಿ ಒಬ್ಬ ಹುಡುಗನ ಮನೆಯ ಕರೆಂಟ್ ಕಡಿತವಾಗುತ್ತದೆ. ಕತ್ತಲೆಯ ಆ ಮನೆ ಚಿತ್ರದಲ್ಲಿದೆ. ಆಮೇಲೆ ಕರೆಂಟ್ ಮತ್ತೆ ಬರಲು ತಂಡದವರೇ ಹಣದ ಸಹಾಯ ಮಾಡಿದರು. ವರ್ಷಗಟ್ಟಲೆ ಅವರ ಮನೆಗೆ ಹೋಗಿಬಂದು ಮಾಡಿ, ಕತ್ತಲೆಯನ್ನು ಸುಮ್ನೆ ಚಿತ್ರಿಸಿಕೊಂಡು ಎದ್ದು ಬರುವುದು ಯಾವ ನ್ಯಾಯ? ಉತ್ತರ ಮೆಸಿಡೋನಿಯಾದ ಜೇನು ಸಾಕುವ ಹೆಂಗಸಿನ 'ಹನಿಲ್ಯಾಂಡ್' ಚಿತ್ರದವರೂ ಹಾಗೆಯೇ. ಮೂರು ವರ್ಷ ಚಿತ್ರೀಕರಿಸಿದರು, ಆಮೇಲೆ ಪ್ರಶಸ್ತಿಯ ಹಣದಲ್ಲಿ ಆಕೆಗೆ ಮನೆ ಕೊಂಡುಕೊಟ್ಟರು.

ಉಪಕಾರ ಮಾಡಿದ ಚಿತ್ರದಲ್ಲೂ ಜಗಳ ಬರಬಹುದು. ಎರಲ್ ಮಾರಿಸ್ ಅವರ 'ದಿ ಥಿನ್ ಬ್ಲೂ ಲೈನ್' (1988) ನೋಡಿ. ಪೊಲೀಸನೊಬ್ಬನನ್ನು ಕೊಂದ ಆರೋಪದಲ್ಲಿ ಟೆಕ್ಸಾಸ್‌ನಲ್ಲಿ ರಾಂಡಲ್ ಆಡಮ್ಸ್‌ಗೆ ಮೊದಲು ಮರಣದಂಡನೆ ಆಗಿ, ಆಮೇಲೆ ಅದು ಜೀವಾವಧಿ ಆಗಿತ್ತು. ಚಿತ್ರದ ಕೊನೆಯಲ್ಲಿ ತೆರೆ ಮೇಲೆ ಬರೀ ಒಂದು ಟೇಪ್‌ರೆಕಾರ್ಡರ್. ಆವತ್ತು ಕ್ಯಾಮೆರಾ ಕೆಟ್ಟಿತ್ತು, ದನಿ ಮಾತ್ರ ಸಿಕ್ಕಿತ್ತು. ಆಡಮ್ಸ್ ನಿರಪರಾಧಿ ಅಂತ ಅವರ ವಿರುದ್ಧ ಸಾಕ್ಷಿ ಹೇಳಿದವನೇ ಆ ಟೇಪಿನಲ್ಲಿ ಹೆಚ್ಚುಕಡಿಮೆ ಒಪ್ಪಿಕೊಳ್ಳುತ್ತಾನೆ. 1989ರಲ್ಲಿ ಆಡಮ್ಸ್ ಬಿಡುಗಡೆಯಾದರು. ಅದಾದ ಮೇಲೆ ತನ್ನ ಜೀವನದ ಕಥೆಯ ಹಕ್ಕು ತನಗೇ ಬೇಕು ಅಂತ ಮಾರಿಸ್ ಮೇಲೆ ಕೇಸ್ ಹಾಕಿದರು. ಕೊನೆಗೆ ಕೋರ್ಟಿನ ಹೊರಗೆ ರಾಜಿಯಾಯಿತು. ಇದನ್ನು ಕೃತಘ್ನತೆ ಅಂತ ಕರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹನ್ನೆರಡು ವರ್ಷ ಜೈಲಿನಲ್ಲಿ ಕಳೆದವರಿಗೆ ತಮ್ಮದು ಅಂತ ಉಳಿದದ್ದು ಆ ಕಥೆ ಒಂದೇ.

ದಲಿತ ಪತ್ರಕರ್ತೆಯರ ಬಗ್ಗೆ ಬಂದ 'ರೈಟಿಂಗ್ ವಿತ್ ಫೈರ್' 2022ರ ಆಸ್ಕರ್ ಪಟ್ಟಿಯಲ್ಲಿದ್ದಾಗಲೂ ಹೀಗೇ ಆಯಿತು. ಚಿತ್ರದಲ್ಲಿರುವ, ಆ ಪತ್ರಕರ್ತೆಯರ 'ಖಬರ್ ಲಹರಿಯಾ' ಸುದ್ದಿ ಬಳಗವೇ ಮುಂದೆ ಬಂದು, ಚಿತ್ರ ಮನ ಮುಟ್ಟುವಂತಿದೆ, ಆದರೆ ನಮ್ಮ ಕೆಲಸದ ಒಂದು ಭಾಗವನ್ನಷ್ಟೇ ತೋರಿಸಿದೆ ಅಂತ ಹೇಳಿಕೆ ಕೊಟ್ಟಿತು. ನೀವು ಆ ಚಿತ್ರ ನೋಡಿದರೆ ಆ ಹೇಳಿಕೆಯನ್ನೂ ಓದಿ. ಎರಡೂ ಸೇರಿದರೆ ಆ ಹೆಂಗಸರ ಪರಿಚಯ ಚೆನ್ನಾಗಿ ಆಗುತ್ತದೆ.

ಎಲ್ಲಿಂದ ಶುರುಮಾಡಲಿ ಅಂತಲೂ ಕೇಳಿದ್ದೀರಿ. ಫೋಗೊ ಚಿತ್ರಗಳಲ್ಲಿ ಒಂದಾದ 'ಬಿಲ್ಲಿ ಕ್ರೇನ್ ಮೂವ್ಸ್ ಅವೇ' ನೋಡಿ. ಅರ್ಧ ಗಂಟೆಯೂ ಇಲ್ಲ. ನ್ಯಾಷನಲ್ ಫಿಲ್ಮ್ ಬೋರ್ಡ್‌ನ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ದ್ವೀಪ ಬಿಟ್ಟು ದುಡಿಯಲು ಟೊರೊಂಟೊಗೆ ಹೊರಟ ಮೀನುಗಾರನೊಬ್ಬ, ತಾನು ಯಾಕೆ ಹೋಗಬೇಕಾಗಿ ಬಂತು ಅಂತ ಹೇಳುತ್ತಾನೆ. 'ಹೂಪ್ ಡ್ರೀಮ್ಸ್' ಸುಮಾರು ಮೂರು ಗಂಟೆ ಇದೆ. ಅದಕ್ಕೆ ಬಿಡುವಿನ ದಿನವೇ ಬೇಕು.