ಅಣ್ಣ ಸಾಲ ಕೇಳಿದಾಗ ಕಾರಣ ಹೇಳಬೇಡಿ

ಪ್ರಶ್ನೆ: ನನಗೆ 36 ವರ್ಷ, ಒಂಟಿಯಾಗಿದ್ದೇನೆ. ಸಂಬಳದಲ್ಲಿ ಶೇ 60 ಖರ್ಚಾಗಿ ಶೇ 40 ಉಳಿಯುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿ ಸ್ವಲ್ಪ ಇದೆ. ಸಂಬಳ ಏರಿದ ಸುದ್ದಿ ಮನೆಯಲ್ಲಿ ಹೇಳಿದ ವಾರದೊಳಗೇ ಅಣ್ಣನ ಫೋನ್ ಬರುತ್ತದೆ, ಸಾಲಕ್ಕೆ. ಹಿಂದೆ ಕೊಟ್ಟದ್ದೇ ವಾಪಸ್ ಬಂದಿಲ್ಲ. ಕೆಲಸ ಬಿಟ್ಟು, ಯಾರಿಗೂ ಏನೂ ಹೇಳದೆ, ನನ್ನ ಪಾಡಿಗೆ ನಾನು ಇದ್ದುಬಿಡೋಣ ಅನಿಸುತ್ತಿದೆ. ಇದು ಸ್ವಾರ್ಥವೇ?

ಉತ್ತರ: ಖಂಡಿತ ಅಲ್ಲ. ಆದರೆ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಕೆಲಸದ ಬಗ್ಗೆ ಅದರಲ್ಲಿ ಒಂದೇ ಒಂದು ದೂರಿಲ್ಲ. ನಿಮ್ಮನ್ನು ಕಾಡುತ್ತಿರುವುದು ಅಣ್ಣನ ಫೋನು. ಅದಕ್ಕೆ ರಾಜೀನಾಮೆ ಮದ್ದಲ್ಲ. ಕೆಲಸ ಬಿಟ್ಟ ಮೇಲೂ ಫೋನ್ ಬರುತ್ತದೆ, ಕೈ ಮಾತ್ರ ಖಾಲಿ ಇರುತ್ತದೆ.

ಮೊದಲು ಕಾರ್ಡಿನ ಬಾಕಿ ತೀರಿಸಿ. ತಿಂಗಳಿಗೆ ಶೇ 3 ಬಡ್ಡಿ ಅಂದರೆ ವರ್ಷಕ್ಕೆ 36 ಅಲ್ಲ, ಬಡ್ಡಿಗೆ ಬಡ್ಡಿ ಸೇರಿ 42 ದಾಟುತ್ತದೆ. ಇದನ್ನು ಇಟ್ಟುಕೊಂಡು ಹೂಡಿಕೆ ಮಾಡುವುದು ತೂತು ಕೊಡಕ್ಕೆ ನೀರು ತುಂಬಿಸಿದಂತೆ.

ಆಮೇಲೆ ಆಪದ್ಧನ. ಸಂಬಳ 100, ಖರ್ಚು 60 ಇದ್ದರೆ ಒಂದು ತಿಂಗಳ ದುಡಿಮೆ ಇಪ್ಪತ್ತು ದಿನದ ಬದುಕನ್ನು ಕೂಡಿಸಿಡುತ್ತದೆ. ಅಂದರೆ ಆರು ತಿಂಗಳ ಖರ್ಚು ಕೈಯಲ್ಲಿರಲು ಒಂಬತ್ತು ತಿಂಗಳು ಬೇಕು. ಸಂಬಳ ಬಂದ ಮರುದಿನವೇ ಆ ಹಣ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಮಾಡಿ. ಆ ಖಾತೆಗೆ ಕಾರ್ಡು, ಫೋನಿನ ಆ್ಯಪ್ ಎರಡೂ ಬೇಡ. ಲೆಕ್ಕ ಸಾಮಾನ್ಯವಾಗಿ ತಪ್ಪುವುದು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ: ವಿಮೆಯ ಕಂತು, ರಿಪೇರಿ, ಹಲ್ಲಿನ ಚಿಕಿತ್ಸೆ. ಅವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ, ತಿಂಗಳ ಖರ್ಚಿಗೆ ಸೇರಿಸಿ.

ದುಡಿಮೆಯನ್ನೇ ಪೂರ್ತಿ ನಿಲ್ಲಿಸುವ ಯೋಚನೆ ಬೇರೆ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದರ ಬೇರು 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಮೆರಿಕದ ಮಾರುಕಟ್ಟೆಯ ಅಂಕಿಅಂಶ ಇಟ್ಟುಕೊಂಡು ಮಾಡಿದ ಲೆಕ್ಕದಲ್ಲಿದೆ. ಅದೂ 30 ವರ್ಷದ ನಿವೃತ್ತಿಗೆ. ನಿಮಗೆ 50 ವರ್ಷ ಬೇಕಾಗಬಹುದು, ಹಾಗಾಗಿ 25 ಪಟ್ಟು ಕನಿಷ್ಠ ಅಂದುಕೊಳ್ಳಿ. ಹಣದುಬ್ಬರ ಕಳೆದು ಶೇ 5ರಂತೆ ಬೆಳೆದರೂ ಈಗಿನ ಉಳಿತಾಯದಲ್ಲಿ ಅಲ್ಲಿಗೆ ತಲುಪಲು ಸುಮಾರು 22 ವರ್ಷ. ಖರ್ಚನ್ನು 60ರಿಂದ 50ಕ್ಕೆ ಇಳಿಸಿದರೆ ಸುಮಾರು 17. ಖರ್ಚು ಕಡಿಮೆಯಾದರೆ ಉಳಿತಾಯವೂ ಹೆಚ್ಚುತ್ತದೆ, ಕೂಡಿಡಬೇಕಾದ ಮೊತ್ತವೂ ತಗ್ಗುತ್ತದೆ. ಸಂಬಳ ಏರಿಸಿಕೊಳ್ಳುವುದಕ್ಕೆ ಈ ಎರಡನೇ ಲಾಭವಿಲ್ಲ.

ಈಗ ಅಣ್ಣನ ವಿಷಯ. ಇನ್ನು ಮುಂದೆ ಮನೆಯಲ್ಲಿ ಮೊತ್ತ ಹೇಳಬೇಡಿ. "ಕೆಲಸ ಚೆನ್ನಾಗಿ ನಡೀತಿದೆ" ಅಂದರೆ ಸುಳ್ಳೂ ಅಲ್ಲ, ಲೆಕ್ಕ ಒಪ್ಪಿಸಿದಂತೆಯೂ ಅಲ್ಲ. ಸಾಲ ಕೇಳಿದರೆ "ಈಗ ಕೊಡೋಕೆ ಆಗಲ್ಲ ಅಣ್ಣ" ಅಷ್ಟೇ. ಕಾರಣ ಹೇಳಲು ಹೋದಿರೋ, ಚೌಕಾಶಿ ಶುರು: ಹಣ ಠೇವಣಿಯಲ್ಲಿದೆ ಅಂದರೆ ಯಾವಾಗ ಬಿಡಿಸ್ತೀಯ ಎಂಬ ಪ್ರಶ್ನೆ ಬರುತ್ತದೆ. ಮೊದಲ ಎರಡು ಮೂರು ಸಲ ಮುನಿಸು ಇದ್ದೇ ಇರುತ್ತದೆ. ಸಹಾಯ ಮಾಡುವ ಮನಸ್ಸಿದ್ದರೆ ವರ್ಷಕ್ಕಿಷ್ಟು ಎಂದು ಮೊದಲೇ ಮನಸ್ಸಿನಲ್ಲಿ ನಿಗದಿ ಮಾಡಿ, ವಾಪಸ್ ಬರುವುದಿಲ್ಲ ಎಂದುಕೊಂಡೇ ಕೊಡಿ. ಜಾಮೀನಿಗೆ ಮಾತ್ರ ಸಹಿ ಹಾಕಬೇಡಿ. ಕೈಯಿಂದ ಕೊಟ್ಟ ಹಣಕ್ಕೆ ಮಿತಿ ಇರುತ್ತದೆ, ಜಾಮೀನಿನಲ್ಲಿ ಇಡೀ ಸಾಲವೇ ನಿಮ್ಮ ತಲೆಗೆ ಬರಬಹುದು.

ಹೊಸ ಖರೀದಿಯ ಚಿತ್ರಗಳನ್ನು ಸ್ಟೇಟಸ್‌ಗೆ ಹಾಕಬೇಡಿ.

ಆದರೆ "ಯಾರಿಗೂ ಏನೂ ಹೇಳದೆ" ಎಂಬುದನ್ನು ನಾವು ಒಪ್ಪುವುದಿಲ್ಲ. ಒಂಟಿಯಾಗಿರುವವರು ಹಠಾತ್ತನೆ ಆಸ್ಪತ್ರೆ ಸೇರಿದರೆ ವಿಮೆಯ ಕಾಗದ ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಂಬುವ ಒಬ್ಬರನ್ನು ಆರಿಸಿ. ಒಂದೇ ಹಾಳೆಯಲ್ಲಿ ಯಾವ ಬ್ಯಾಂಕು, ಯಾವ ಪಾಲಿಸಿ, ಯಾವ ಸಾಲ ಎಂದು ಬರೆದು, ಮೊತ್ತವಾಗಲಿ ಪಾಸ್‌ವರ್ಡ್ ಆಗಲಿ ಹಾಕದೆ, ಲಕೋಟೆ ಅಂಟಿಸಿ ಅವರ ಕೈಗೆ ಕೊಡಿ. ವರ್ಷಕ್ಕೊಮ್ಮೆ ಹಾಳೆ ಬದಲಿಸಿ. ಹಾಗೆಯೇ ಪ್ರತಿ ಖಾತೆಯ ನಾಮಿನಿ ಹೆಸರು ನೋಡಿಕೊಳ್ಳಿ. ಎಷ್ಟೋ ವರ್ಷದ ಹಿಂದೆ ಅಣ್ಣನ ಹೆಸರೇ ಬರೆಸಿದ್ದಿರಬಹುದು.