ಕೀಟೋಕೊನಜೋಲ್ ಶಾಂಪೂ ಹಾಕಿದರೂ ಹೊಟ್ಟು ಹೋಗುತ್ತಿಲ್ಲ, ಜಿಂಕ್ ಪೈರಿಥಿಯೋನ್ ಇರುವುದಕ್ಕೆ ಬದಲಾಯಿಸಲೇ?

ರಾತ್ರಿ ಎಣ್ಣೆ ಹಚ್ಚಿ ಬೆಳಿಗ್ಗೆ ಶಾಂಪೂ ಹಾಕ್ತೀನಿ ಅಂತ ಬರೆದಿದ್ದೀರಲ್ಲ, ಶಾಂಪೂ ವಿಷಯ ಆಮೇಲೆ ನೋಡೋಣ. ನಾನೂ ವರ್ಷಗಟ್ಟಲೆ ಮಾಡಿದ್ದು ಇದನ್ನೇ.

"ತಲೆ ಒಣಗಿದೆ ಕಣೋ, ಎಣ್ಣೆ ಕಾಣದೆ ಹೊಟ್ಟು ಏಳ್ತಿದೆ" ಅಂತ ಅಮ್ಮ ಹೇಳುತ್ತಿದ್ದರು. ಉದುರುವುದು ಬಿಳಿ ಪುಡಿ, ಹಾಗಾಗಿ ನಾನೂ ನಂಬಿದೆ. ತೆಂಗಿನೆಣ್ಣೆ ಬಿಸಿ ಮಾಡಿ ಬುಡಕ್ಕೆ ತಿಕ್ಕಿ ಮಲಗುತ್ತಿದ್ದೆ. ಬೆಳಿಗ್ಗೆ ಹೊಟ್ಟು ಕಾಣುತ್ತಿರಲಿಲ್ಲ. ಹೋಗಿರಲಿಲ್ಲ, ಎಣ್ಣೆಗೆ ಅಂಟಿಕೊಂಡಿತ್ತು ಅಷ್ಟೇ! ಆಮೇಲೆ ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ ಎಲ್ಲ ಕಡೆ ಜಿಡ್ಡು ಜಿಡ್ಡಾದ ಹಳದಿ ಹೊಟ್ಟು ಬಂತು. ಕೆರೆದು ಕೆರೆದು ಕೂದಲೂ ಉದುರತೊಡಗಿತು.

ಚರ್ಮದ ಡಾಕ್ಟರ್ ಹೇಳಿದ ಮೇಲೆ ಅರ್ಥವಾಯಿತು. ಇದರ ಹಿಂದಿರುವುದು ಮಲಸೀಜಿಯಾ ಅನ್ನೋ ಯೀಸ್ಟ್, ಅಂದರೆ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ. ಎಲ್ಲರ ತಲೆಯಲ್ಲೂ ಇರುತ್ತದೆ. ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ, ನಮ್ಮ ತಲೆಯ ಜಿಡ್ಡನ್ನೇ ಒಡೆದು ತಿನ್ನುತ್ತದೆ. ಆಗ ಉಳಿಯುವ ಒಲಿಯಿಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ, ಚರ್ಮ ಬೇಗ ಬೇಗ ಪದರ ಕಳಚುತ್ತದೆ. ಎಣ್ಣೆಯೂ ಕೊಬ್ಬೇ ಅಲ್ವಾ? ರಾತ್ರಿ ಊಟ ಬಡಿಸಿ ಬೆಳಿಗ್ಗೆ ಓಡಿಸೋಕೆ ಹೋಗುತ್ತಿದ್ದೆ. ಸಾಲದ್ದಕ್ಕೆ ಆ ದುಬಾರಿ ಶಾಂಪೂ ಎಣ್ಣೆ ತೆಗೆಯುವುದರಲ್ಲೇ ಮುಗಿದುಹೋಗುತ್ತಿತ್ತು. ಔಷಧಿ ಚರ್ಮ ಮುಟ್ಟುವುದು ಹೇಗೆ?

ಹಾಗಾಗಿ ಸುಮ್ನೆ ಬಾಟಲಿ ಬದಲಾಯಿಸಬೇಡಿ. ಈ ಯೀಸ್ಟನ್ನು ಹತ್ತಿಕ್ಕೋಕೆ ಕೀಟೋಕೊನಜೋಲ್ 2% ಸಾಕಷ್ಟು ಗಟ್ಟಿ ಔಷಧಿ. ಬುಡಕ್ಕೆ ಎಣ್ಣೆ ನಿಲ್ಲಿಸಿ, ಬೇಕಿದ್ದರೆ ಕೂದಲ ತುದಿಗೆ ಮಾತ್ರ ಹಚ್ಚಿ. ಮೊದಲು ಮಾಮೂಲಿ ಶಾಂಪೂವಿನಿಂದ ಜಿಡ್ಡು ತೆಗೆದು, ಆಮೇಲೆ ಇದನ್ನು ಕೂದಲಿಗಲ್ಲ, ಚರ್ಮಕ್ಕೆ ಹಚ್ಚಿ 3ರಿಂದ 5 ನಿಮಿಷ ಬಿಡಿ. ವಾರಕ್ಕೆ 2 ಸಲ, 2ರಿಂದ 4 ವಾರ. ಕಡಿಮೆಯಾದ ಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹಾಕುತ್ತಿರಬೇಕು. ಯೀಸ್ಟ್ ತಲೆಯಲ್ಲೇ ಇರುತ್ತದೆ, ಶಾಶ್ವತ ಪರಿಹಾರ ಅನ್ನೋ ಜಾಹೀರಾತೆಲ್ಲ ಬುರುಡೆ.

ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂ ಕೂಡ ಕೆಲಸ ಮಾಡುತ್ತದೆ, ಆದರೆ ವಾಸನೆ ಜಾಸ್ತಿ, ಡೈ ಹಾಕಿದ ಕೂದಲಿನ ಬಣ್ಣವೂ ಕೆಡಬಹುದು.

ಇಷ್ಟು ಮಾಡಿಯೂ ಬಗ್ಗದಿದ್ದರೆ, ಅಥವಾ ಬೆಳ್ಳಿಯಂಥ ದಪ್ಪ ಪದರ ಹಣೆಯವರೆಗೂ ಬಂದಿದ್ದರೆ ಅದು ಸೋರಿಯಾಸಿಸ್ ಅನ್ನೋ ಬೇರೆ ಚರ್ಮದ ಕಾಯಿಲೆ ಇರಬಹುದು, ಡಾಕ್ಟರ್‌ಗೆ ತೋರಿಸಿ. ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಲೋಷನ್ ಮಾತ್ರ ಕೇಳದೇ ಹಚ್ಚಬೇಡಿ.